ಹೆಸರು ಹಿಡಿದು ಕರೆದರೆ

ಕಾಡಿನ ಕೆಲಸಕ್ಕೆ ಹುಡುಗರನ್ನು ಆರಿಸುವುದೆಂದರೆ ಸಂತೆಯಲ್ಲಿ ಹೋರಿ ಆರಿಸಿದ ಹಾಗೆ ಎಂದು ರೇಂಜರ್ ಸಾಹೇಬರು ತಿಳಿದಿದ್ದರು. ಹಲ್ಲು ಬಿಡಿಸಿ ನೋಡುವುದೊಂದು ಬಾಕಿ, ಉಳಿದದ್ದೆಲ್ಲ ಮಾಡಿದರು. ದೊರೆಗಳ ಬಾಯಲ್ಲಿ ಫ್ರೇಜರ್‌ಪೇಟೆ, ನಮ್ಮವರ ಬಾಯಲ್ಲಿ ಕುಶಾಲನಗರ. ಅಲ್ಲಿಯ ಬಂಗಲೆಯ ಮುಂದೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನ ಹೆಗಲ ಮೇಲೂ ಅಕ್ಕಿ ಮೂಟೆ ಹೊರಿಸಿ ದಿಣ್ಣೆ ಹತ್ತಿಸಿದರು. ಹತ್ತಿ ಇಳಿದವರ ಕೈಗೆ ಇಲಾಖೆಯ ಕಾಗದ ಕೊಟ್ಟು ಓದಿಸಿದರು. ಓದಿದವರ ಮುಂದೆ ಎಲೆಗಳನ್ನು ಹರವಿ, ಬೀಟೆ ಯಾವುದು, ಹೊನ್ನೆ ಯಾವುದು ಎಂದು ಕೇಳಿದರು. ಕೊನೆಗೆ ಅಂಗಳದಲ್ಲಿ ಉಳಿದವನು ಕುಶಾಲಪ್ಪ ಒಬ್ಬನೇ. ಆಗಷ್ಟೇ ಮೀಸೆ ಚಿಗುರುತ್ತಿದ್ದ ಹುಡುಗ, ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದರೂ ನಗುತ್ತ ನಿಂತಿದ್ದ.

ಮೂಟೆ ಹೊತ್ತವನನ್ನು ಆರಿಸುವುದು ಸುಲಭ. ಅವನನ್ನು ಗಾರ್ಡ್ ಮಾಡುವುದು ಯಾರು? ಅದಕ್ಕೆ ಪದ್ಮಯ್ಯ ಇದ್ದನಲ್ಲ. ಅವನ ಪ್ರಾಯವೆಲ್ಲ ಬಾಳೆಗುಂಡಿ ಕಾಡಿನಲ್ಲೇ ಕಳೆದಿತ್ತು. ಹೊಸಬರು ಬಂದರೆ ಅವನ ಹಿಂದೆ ಬಿಡುವುದು ಪದ್ಧತಿ. ಇಂಥವರಿಗೆ ಕಾಡಿನಲ್ಲಿ ‘ಟ್ರೈಲು ಗಾರ್ಡು’ ಎಂದೇ ಹೆಸರು. ಬೇಸಗೆ ಮುಗಿಯುವ ತನಕ ಟ್ರೈಲು, ಅಂದರೆ ಪರೀಕ್ಷೆ. ಆಮೇಲೆ ರೇಂಜರು ಬಂದು ಹಳೆಯ ಗಾರ್ಡನ್ನು ಕೇಳುತ್ತಾರೆ: ಆಗುತ್ತಾನಾ, ಇಲ್ಲವಾ? ಆಗುತ್ತಾನೆ ಎಂದರೆ ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಿತ್ತಾಳೆ ಬಿಲ್ಲೆ, ಸಾಯುವ ತನಕ ಸರಕಾರದ ಅನ್ನ. ಆಗುವುದಿಲ್ಲ ಎಂದರೆ ಬಂದ ದಾರಿಗೆ ಸುಂಕವಿಲ್ಲ.

“ನಿನ್ನ ತಂಗಿಯ ಮಗನಂತಲ್ಲ ಪದ್ಮಯ್ಯ, ಒಳ್ಳೆಯದೇ ಆಯಿತು. ನಿನ್ನ ಕೈಗೆ ಒಪ್ಪಿಸಿದ್ದೇನೆ. ಮಳೆಗೆ ಮುಂಚೆ ನಿನ್ನ ಒಂದು ಮಾತು ಸಾಕು ನನಗೆ,” ಎಂದರು ರೇಂಜರು.

ಒಳ್ಳೆಯದಾಯಿತಂತೆ. ಪದ್ಮಯ್ಯ ಹುಡುಗನ ನಗುವಿನಿಂದ ಮುಖ ತಿರುಗಿಸಿದ್ದು ಸಾಹೇಬರಿಗೆ ಎಲ್ಲಿ ಕಾಣಬೇಕು? ಹೋದ ವರ್ಷದ ಟ್ರೈಲು ಹುಡುಗ ಮುತ್ತನನ್ನು ಅವರೇ ಆರಿಸಿದ್ದರು. ಅವನೂ ಹೀಗೇ ಮೂಟೆ ಹೊತ್ತು ನಗುತ್ತ ನಿಂತವನೇ. ಅವನನ್ನು ಬಾಳೆಗುಂಡಿಯಿಂದ ಕಂಬಳಿಯಲ್ಲಿ ಸುತ್ತಿ ತಂದರು.

ಆದದ್ದು ಇಷ್ಟು. ಮುತ್ತ ಕೆಲಸದವರ ಜೊತೆ ಬಿದಿರು ಕಡಿಸುತ್ತಿದ್ದ. ಹಾಡು ಹಗಲು. ಇದ್ದಕ್ಕಿದ್ದ ಹಾಗೆ ತಲೆ ಎತ್ತಿ, “ಓ, ಬಂದೆ” ಎಂದ. ಯಾರಿಗೆ ಓಗೊಟ್ಟೆ ಮಾರಾಯ ಎಂದು ಉಳಿದವರು ಕೇಳಿದರು. “ಪದ್ಮಯ್ಯಣ್ಣ ಕರೀತಾರೆ, ಹೆಸರು ಹಿಡಿದು ಕರೀತಾರೆ, ನಿಮಗೆ ಕೇಳೋದಿಲ್ವ?” ಎಂದು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟ. ಯಾರ ಕಿವಿಗೂ ಏನೂ ಕೇಳಿಸಿರಲಿಲ್ಲ. ಪದ್ಮಯ್ಯ ಆ ಹೊತ್ತಿನಲ್ಲಿ ಗುಡ್ಡದ ಆಚೆ ಮಗ್ಗುಲಲ್ಲಿದ್ದ. ಅವನು ಮುತ್ತನನ್ನು ಕರೆದೇ ಇರಲಿಲ್ಲ. ಮಾರನೆಯ ದಿನ ಸಿಕ್ಕಿದ್ದು ಆನೆ ತುಳಿದು ಬಿಟ್ಟದ್ದು. ಆನೆಗೆ ಸಿಕ್ಕಿ ಸತ್ತ ಎಂದು ಸರಕಾರ ಬರೆದುಕೊಂಡಿತು. ಆದರೆ ಅವನನ್ನು ಆನೆಯ ಕಾಲಡಿಗೆ ಕರೆದದ್ದು ಯಾರು? ಕಾಡಿನಲ್ಲಿ ಸತ್ತು ನೆಲೆ ಸಿಗದೆ ಅಲೆಯುವ ಕುಲೆಗಳು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತವೆ ಎಂದು ಹಿರಿಯರು ಹೇಳುತ್ತಿದ್ದರು. ಪದ್ಮಯ್ಯ ಅದನ್ನು ಅರ್ಧ ನಂಬಿದ್ದ. ಮುತ್ತನನ್ನು ಹೊತ್ತು ತಂದ ದಿನದಿಂದ ಪೂರಾ ನಂಬಿದ. ನಗುವವರು ನಗಲಿ. ಸ್ವಂತ ದನಿಯೇ ಒಬ್ಬನನ್ನು ಕೊಂದಿತು ಎಂದು ತಿಳಿದವನಿಗೆ ನಿದ್ದೆ ಹೇಗೆ ಬಂದೀತು ಹೇಳಿ.

ಕುಶಾಲಪ್ಪನನ್ನು ಕರೆದುಕೊಂಡು ಹೊರಡುವ ಮುಂಚೆ ಅವನ ತಾಯಿ ಹೊನ್ನಮ್ಮ ಅಣ್ಣನನ್ನು ಹಿತ್ತಿಲಿಗೆ ಕರೆದಳು. ಗಂಡ ಸತ್ತ ಮೇಲೆ ಗದ್ದೆ, ಮನೆ, ಮಗ ಮೂರನ್ನೂ ಒಬ್ಬಳೇ ನಿಭಾಯಿಸಿದ ಗಟ್ಟಿ ಹೆಂಗಸು. ಅವಳು ಅತ್ತದ್ದನ್ನು ಪದ್ಮಯ್ಯ ನೋಡಿರಲಿಲ್ಲ, ಅವತ್ತು ನೋಡಿದ.

“ಅಣ್ಣ, ನಂಗೆ ಇರುದು ಅವ ಒಬ್ಬನೇ. ಬೇಡ ಹೇಳಿರೆ ಕೇಳ್ದಿಲೆ. ನೀ ಒಂದು ಉಪಕಾರ ಮಾಡು. ಬೇಸಗೆ ಮುಗ್ದ ಮೇಲೆ ರೇಂಜರಿಗೆ ಹೇಳಿಬುಡು, ಈ ಹೈದ ಆಗುದಿಲೆ ಅಂತ.”

“ಅವ ಬೇಜಾರು ಮಾಡ್ಕಂಡರೆ?”

“ಮಾಡ್ಕಳಲಿ. ಇಬ್ಬರನ್ನೂ ಬಯ್ಯಲಿ. ಜೀವ ಉಳ್ದರೆ ಗದ್ದೆ ಉಟ್ಟಲ್ಲ, ಗೆಯ್ದು ತಿನ್ನಲಿ.”

ಪದ್ಮಯ್ಯ ಬಾವಿಕಟ್ಟೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಅವನಿಗೂ ಅದೇ ಬೇಕಾಗಿತ್ತು. ಬೇಸಗೆ ಒಂದು ದಾಟಲಿ, ಹುಡುಗ ಉಸಿರಾಡಿಕೊಂಡು ಮನೆಗೆ ಬರಲಿ, ಆಮೇಲೆ ‘ಆಗುವುದಿಲ್ಲ’ ಎಂದರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆದರೆ ಆ ಬೇಸಗೆ ದಾಟುವ ತನಕ ಹುಡುಗ ಬದುಕಿರಬೇಕಲ್ಲ. ಅದಕ್ಕೆ ಪದ್ಮಯ್ಯನಿಗೆ ತಿಳಿದದ್ದು ಒಂದೇ ದಾರಿ: ಹೆದರಿಸುವುದು. ಕಾಡಿಗೆ ಕಾಲಿಟ್ಟ ದಿನದಿಂದ ಅವನು ಕುಶಾಲಪ್ಪನಿಗೆ ಕಲಿಸಿದ್ದೆಲ್ಲ ಹೆದರಿಕೆಯೇ. ಲದ್ದಿಯ ಮೇಲೆ ಕೈಯಿಡಿಸಿ, “ಬೆಚ್ಚಗೆ ಉಟ್ಟಲ್ಲ, ನೀನು ಇಲ್ಲಿ ನಿಂತದ್ದು ಆನೆಗೆ ಈಗ ಗೊತ್ತು” ಎನ್ನುತ್ತಿದ್ದ. ಗಾಳಿ ತಿರುಗಿದರೆ ಕುತ್ತಿಗೆ ಹಿಡಿದು ಕೂರಿಸುತ್ತಿದ್ದ. ಹಕ್ಕಿಗಳು ಸುಮ್ಮನಾದರೆ ತಾನೂ ಸುಮ್ಮನಾಗಿ, ಹುಡುಗನ ಮುಖ ಬಿಳಿಚುವ ತನಕ ಕಾಯುತ್ತಿದ್ದ. ಹುಡುಗ ಬಿಳಿಚಿದರೆ ಅವನಿಗೆ ಸಮಾಧಾನ. ಹೆದರಿದವನು ಮನೆಗೆ ಬರುತ್ತಾನೆ, ಹೆದರದವನನ್ನು ಕಂಬಳಿಯಲ್ಲಿ ತರಬೇಕಾಗುತ್ತದೆ, ಅಷ್ಟೇ ಅವನ ಶಾಸ್ತ್ರ.

ಎಲ್ಲಕ್ಕಿಂತ ದೊಡ್ಡ ಪಾಠ ಕೂಗಿನದು.

“ಕಾಡಿಲಿ ನಾ ನಿನ್ನ ಕರೆಯೊಕಾದರೆ ‘ಕೂ’ ಅಂತ ಮೂರು ಸಲ ಕೂಗ್ನೆ. ಮೂರು ಕೇಳಿರೆ ಮಾತ್ರ ಓಗೊಡು. ಒಂದು ಕೇಳಿರೆ ಇಲೆ, ಎರಡು ಕೇಳಿರೆ ಇಲೆ. ಹೆಸರು ಹಿಡ್ದು ನಾ ಯಾವತ್ತೂ ಕರೆಯುದಿಲೆ. ನೆಂಪಿರಲಿ. ಹೆಸರು ಹಿಡ್ದು ಕರೆದರೆ ಅದು ನಾನಲ್ಲ.”

“ನಿಮ್ಮ ದನಿನೇ ಆದರೆ ಮಾವ?”

“ನನ್ನ ದನಿನೇ ಆಗಿರ್ತದೆ. ಅದಕ್ಕೇ ಹೇಳ್ತಿರುದು. ಓಡು. ತಿರುಗಿ ನೋಡಬೇಡ.”

ಈ ಹುಡುಗನ ರೋಗವೆಂದರೆ ಪ್ರಶ್ನೆ. ಮುತ್ತ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದ್ದ, ಇವನು ಹಾಗಲ್ಲ. “ಕುಲೆಗೆ ನನ್ನ ಹೆಸರು ಹೇಗೆ ಗೊತ್ತಾಗುದು ಮಾವ?” ಎಂದು ಕೇಳಿದ. ಯಾರಾದರೂ ಕಾಡಿನಲ್ಲಿ ಒಮ್ಮೆ ಆ ಹೆಸರು ಕೂಗಿದ್ದರೆ ಸಾಕು, ಅದು ಎತ್ತಿಟ್ಟುಕೊಳ್ಳುತ್ತದೆ ಎಂದ ಪದ್ಮಯ್ಯ. “ಹಂಗಾರೆ ಮುತ್ತಣ್ಣನ ಹೆಸರ ಕಾಡಿಲಿ ಕೂಗಿದ್ದು ಯಾರು?” ಎಂದು ಮತ್ತೆ ಕೇಳಿದ. ಪದ್ಮಯ್ಯನೇ ದಿನಾ ಕೂಗುತ್ತಿದ್ದ, ಮುತ್ತಾ ಅಲ್ಲಿ ನೋಡು, ಮುತ್ತಾ ಇಲ್ಲಿ ಬಾ ಎಂದು. ಅದಕ್ಕೇ ಅಲ್ಲವೇ ಈ ಸಲ ಕಾಡಿನೊಳಗೆ ಹುಡುಗನನ್ನು ‘ಹೈದ’ ಎಂದು ಬಿಟ್ಟರೆ ಬೇರೆ ಹೆಸರಿನಲ್ಲಿ ಕರೆಯದೆ ಇದ್ದದ್ದು. “ಬಾಯಿ ಮುಚ್ಚಿಕಂಡು ನಡಿ,” ಎಂದು ಗದರಿದ.

ಹುಡುಗ ನಡೆದ, ಕಲಿತ. ಅದೇ ಪದ್ಮಯ್ಯನ ಸಂಕಟ. ಯಾವ ಹಳ್ಳ ಎಲ್ಲಿ ಇಂಗುತ್ತದೆ, ಯಾವ ಕೊಂಬೆ ಆನೆ ಮುರಿದದ್ದು, ಯಾವುದು ಕಳ್ಳರು ಕಡಿದದ್ದು ಎನ್ನುವುದನ್ನು ಒಮ್ಮೆ ಹೇಳಿದರೆ ಸಾಕಾಗುತ್ತಿತ್ತು. ಇವನು ದಡ್ಡನಾಗಿದ್ದರೆ ‘ಆಗುವುದಿಲ್ಲ’ ಎನ್ನುವುದು ಎಷ್ಟು ಹಗುರವಾಗುತ್ತಿತ್ತು. ಸಂಜೆ ಗುಡಿಸಲ ಮುಂದೆ ಹುಡುಗ ಪದ್ಮಯ್ಯನ ಪಟ್ಟಿಯ ಬಿಲ್ಲೆಯನ್ನು ಬೂದಿ ಹಾಕಿ ತಿಕ್ಕಿ ಹೊಳೆಯಿಸುತ್ತ ಕೂರುತ್ತಿದ್ದ. ಅವನ ಆಸೆ ಅವನ ಕೈಯಲ್ಲೇ ಕಾಣುತ್ತಿತ್ತು. ಪದ್ಮಯ್ಯ ಮುಖ ತಿರುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

ಶಿವರಾತ್ರಿ ಕಳೆದು ಕಾಡು ಒಣಗಿ ಗರಿಗರಿಯಾಯಿತು. ಬೆಂಕಿ ಗೆರೆ ಸುಡುವ ಕಾಲ. ಕಾಡಿನ ಅಂಚಿನಲ್ಲಿ ಅಗಲಕ್ಕೆ ಒಂದು ಪಟ್ಟಿ ಸವರಿ, ಅದನ್ನು ನಾವೇ ಮುಂದಾಗಿ ಸುಟ್ಟುಬಿಟ್ಟರೆ ಆಮೇಲೆ ಹೊರಗಿನ ಬೆಂಕಿ ಒಳಗೆ ದಾಟುವುದಿಲ್ಲ. ಕೆಲಸದವರ ಮುಖ್ಯಸ್ಥ ಬೊಮ್ಮ, ಕಾಡಿನೊಳಗಿನ ಹಾಡಿಯಲ್ಲಿ ಹುಟ್ಟಿ ಬೆಳೆದ ಕುರುಬ. ಅವನ ಜನ ಮೇಲಿನ ತುದಿಯಿಂದ ಬೆಂಕಿ ಕೊಟ್ಟುಕೊಂಡು ಬರಬೇಕು. ಕುಶಾಲಪ್ಪ ನಡುವೆ ನಿಂತು, ಗೋಣಿ ಹೆಗಲಿಗೆ ಹಾಕಿ, ಹಸಿ ಸೊಪ್ಪಿನ ಕೊಂಬೆ ಕಡಿದಿಟ್ಟುಕೊಂಡು, ಕಿಡಿ ಹಾರಿದರೆ ಬಡಿದು ಆರಿಸಬೇಕು. ಪದ್ಮಯ್ಯ ಕೆಳಗೆ ಹಳ್ಳದ ಕಡೆ ನೋಡಿಕೊಳ್ಳಬೇಕು. ಪ್ರತಿ ವರ್ಷದ ಕೆಲಸ, ಹೊಸದೇನಲ್ಲ.

ಬೆಳಗಿನಿಂದ ತಣ್ಣಗಿದ್ದ ಗಾಳಿ ಊಟದ ಹೊತ್ತಿಗೆ ತಿರುಗಿತು. ಮೇಲಿನಿಂದ ಬೊಮ್ಮನ ಜನ ಕೂಗಾಡುವುದು ಕೇಳಿಸಿತು. ಬೆಂಕಿ ಗೆರೆ ದಾಟಿದೆ ಎಂದು ಹೊಗೆಯ ಬಣ್ಣ ನೋಡಿದ ಕೂಡಲೇ ಪದ್ಮಯ್ಯನಿಗೆ ತಿಳಿಯಿತು. ಹುಡುಗ ನಡುವೆ ಒಬ್ಬನೇ ಇದ್ದಾನೆ. ದಾರಿ ಬಿಟ್ಟು, ಲಂಟಾನದ ಪೊದೆ ಸೀಳಿಕೊಂಡು, ನೆಟ್ಟಗೆ ಅವನಿದ್ದ ಕಡೆಗೆ ಓಡಿದ. ಬಾಳೆಗುಂಡಿಯ ಒಂದೊಂದು ಗುಂಡಿಯೂ ಅವನಿಗೆ ಗೊತ್ತಿತ್ತು, ರಾಜರ ಕಾಲದಲ್ಲಿ ಆನೆ ಬೀಳಿಸಲಿಕ್ಕೆ ತೋಡಿದವು. ಹೊಸಬರಿಗೆ ಅವನ್ನು ತೋರಿಸಿ ಹೆದರಿಸುವವನೇ ಅವನು. ಆದರೆ ಓಡುವವನ ಕಣ್ಣು ಹೊಗೆಯ ಮೇಲಿತ್ತು, ಕಾಲಡಿಯ ಮೇಲಿರಲಿಲ್ಲ. ಪೊದೆಯ ಕೆಳಗೆ ನೆಲ ಸಿಗಲಿಲ್ಲ.

ಎಚ್ಚರವಾದಾಗ ಬಾಯಿ ತುಂಬ ಮಣ್ಣು. ಮೇಲೆ ಚೌಕಾಕಾರದ ಒಂದು ತುಂಡು ಆಕಾಶ, ಅದರ ಮೇಲೆ ಹೊಗೆ ಹರಿಯುತ್ತಿತ್ತು. ಬಲಗಾಲಿನ ಪಾದ ಬೇಕಾದ ಕಡೆಗೆ ಮುಖ ಮಾಡಿರಲಿಲ್ಲ. ಎದೆಯ ಪಕ್ಕೆಯಲ್ಲಿ ಉಸಿರು ತೆಗೆದರೆ ಕತ್ತಿ ಆಡಿಸಿದ ಹಾಗೆ ನೋವು. ಗೋಡೆ ನುಣ್ಣಗೆ, ಆನೆಯೇ ಹತ್ತಲಾರದೆ ಸೋತ ಗೋಡೆ. ಕೈಯಾಡಿಸಿದರೆ ಸುತ್ತ ಒಣ ಎಲೆ, ಒಣ ಬಿದಿರು, ಎಷ್ಟೋ ವರ್ಷದ್ದು, ತೊಡೆಯವರೆಗೂ. ಒಂದು ಕಿಡಿ ಬಿದ್ದರೆ ಒಲೆಯೊಳಗಿನ ಗೆಣಸು.

ಆಗ ಕೇಳಿಸಿತು, ಟಕ್, ಟಕ್, ಟಕ್. ಕತ್ತಿಯಲ್ಲಿ ಸೊಪ್ಪು ಕಡಿಯುವ ಸದ್ದು. ತೀರ ಹತ್ತಿರ. ಕೂಗಿದರೆ ಕೇಳುವಷ್ಟು ಹತ್ತಿರ.

ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮುಂಚೆ ಬಾಯಿಂದ ಬಂದುಬಿಟ್ಟಿತು. “ಕುಶಾಲಾ...”

ಕತ್ತಿ ನಿಂತಿತು.

ಆ ಒಂದು ಗಳಿಗೆ ಪದ್ಮಯ್ಯನಿಗೆ ಸಂತೋಷವೇ ಆಯಿತು, ಕೇಳಿಸಿತಲ್ಲ ಎಂದು. ಬಾಯಿ ತೆರೆದು ಮತ್ತೆ “ಕುಶಾಲಾ, ನಾ ಇಲ್ಲಿ, ಬಾ” ಎಂದ. ಆಡಿ ಮುಗಿಸಿದ ಮೇಲೆ ಅವನಿಗೆ ತಾನು ಏನು ಮಾಡಿದೆ ಎನ್ನುವುದು ತಿಳಿಯಿತು. ಕಾಡಿಗೆ ಬಂದ ದಿನದಿಂದ ಗಿಳಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದ. ಹೆಸರು ಹಿಡಿದು ಕರೆದರೆ ಅದು ನಾನಲ್ಲ. ಓಡು. ತಿರುಗಿ ನೋಡಬೇಡ.

ಮೇಲೆ ಉಸಿರು ಕೂಡ ಕೇಳಿಸಲಿಲ್ಲ. ಆ ಪೊದೆಯ ಆಚೆ ಹುಡುಗ ಹೇಗೆ ನಿಂತಿದ್ದಾನೆ ಎಂದು ಪದ್ಮಯ್ಯನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಕತ್ತಿ ಅರ್ಧಕ್ಕೆ ಎತ್ತಿದ ಕೈ, ಬಿಳಿಚಿದ ಮುಖ. ಆ ಮುಖವನ್ನು ಹಾಗೆ ಮಾಡಲಿಕ್ಕೆ ಅವನೇ ತಿಂಗಳುಗಟ್ಟಲೆ ದುಡಿದಿದ್ದ. ಕೂ ಎನ್ನಬೇಕು, ಮೂರು ಸಲ ಎನ್ನಬೇಕು. ಪಕ್ಕೆ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು “ಕೂ” ಎಂದ. ನೋವು ಗಂಟಲನ್ನು ಹಿಡಿದು ಮುರಿಯಿತು. ಎರಡನೆಯದು ನರಳಾಟವಾಗಿ ಬಂತು, ಮನುಷ್ಯರದ್ದು ಎನ್ನುವ ಹಾಗಿರಲಿಲ್ಲ. ಮೂರನೆಯದು ಬರಲೇ ಇಲ್ಲ.

ಒಣ ಎಲೆಯ ಮೇಲೆ ಕಾಲು ಸದ್ದಾಯಿತು. ನಡೆದ ಸದ್ದಲ್ಲ, ಓಡಿದ ಸದ್ದು. ದೂರ ಹೋಯಿತು, ಇನ್ನೂ ದೂರ ಹೋಯಿತು, ಆಮೇಲೆ ಬೆಂಕಿ ಬಿದಿರನ್ನು ಸಿಡಿಸುವ ಸದ್ದು ಒಂದೇ ಉಳಿಯಿತು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಪದ್ಮಯ್ಯ ಆ ಗುಂಡಿಯಲ್ಲಿ ಅದನ್ನು ಕೂತು ಉಂಡ. ಹುಡುಗ ತಪ್ಪು ಮಾಡಿರಲಿಲ್ಲ. ಇವನು ಕಲಿಸಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡಿದ್ದ. ಅವನನ್ನು ಬಯ್ಯಲಿಕ್ಕೂ ಇಲ್ಲ. ಪದ್ಮಯ್ಯ ಅತ್ತ. ಪ್ರಾಯದಲ್ಲಿ ಕಾಡು ಸೇರಿದವನು, ಹೆಂಡತಿಯನ್ನು ಮಣ್ಣು ಮಾಡಿದಾಗಲೂ ಕಣ್ಣೊರೆಸಿಕೊಂಡು ಬೀಟಿನ ಗಸ್ತಿಗೆ ಹೋದವನು, ಮಗುವಿನ ಹಾಗೆ ದನಿ ತೆಗೆದು ಅತ್ತ. ಅಳುವಿನ ನಡುವೆ ಮತ್ತೂ ಆ ಹೆಸರೇ ಬಾಯಿಗೆ ಬರುತ್ತಿತ್ತು. ಬೇಡ ಎಂದರೂ ಬರುತ್ತಿತ್ತು.

ಆಮೇಲೆ ಅದಕ್ಕಿಂತ ದೊಡ್ಡ ಹೆದರಿಕೆ ಬಂದು ಅಳು ನಿಂತಿತು. ಇಷ್ಟು ದಿನ ಬಾಯಿ ಕಟ್ಟಿ ಕಾಪಾಡಿದ ಹೆಸರನ್ನು ಈಗ ತಾನೇ ಕಾಡಿಗೆ ಕೊಟ್ಟುಬಿಟ್ಟ. ಮುತ್ತನ ಹೆಸರನ್ನು ಎತ್ತಿಟ್ಟುಕೊಂಡದ್ದು ಇದನ್ನೂ ಎತ್ತಿಟ್ಟುಕೊಂಡಿರುತ್ತದೆ. ತಾನು ಇಲ್ಲಿ ಬೆಂದು ಹೋದ ಮೇಲೆ ಅದು ತನ್ನ ದನಿಯಲ್ಲಿ ಹುಡುಗನನ್ನು ಕರೆಯುತ್ತದೆ. ಅಥವಾ ಅಲೆಯುವ ಕುಲೆ ತಾನೇ ಆಗಿ ಕರೆಯುತ್ತಾನೋ ಏನೋ. ಹೊನ್ನಮ್ಮ ಎದುರಿಗೆ ಬಂದು ನಿಂತ ಹಾಗಾಯಿತು. ಪದ್ಮಯ್ಯ ಪಂಚೆಯ ತುದಿಯನ್ನು ಬಾಯಿಗೆ ತುರುಕಿ ಹಲ್ಲು ಕಚ್ಚಿದ.

ಹೊಗೆ ಗುಂಡಿಗೆ ಇಳಿಯತೊಡಗಿತು. ಕಣ್ಣು ಉರಿದು ನೀರಾಯಿತು. ಆ ನೀರಿನ ನಡುವೆ ಮೇಲಿನ ಚೌಕದಲ್ಲಿ ಏನೋ ಕಪ್ಪಗೆ ಬಂದು ಬಗ್ಗಿತು. ತಲೆಯ ಮೇಲೆ ಗೋಣಿ, ಗೋಣಿಯಿಂದ ನೀರು ತೊಟ್ಟಿಕ್ಕುತ್ತಿದೆ, ಮುಖ ಮಸಿ, ಕಣ್ಣು ಮಾತ್ರ ಬಿಳಿ.

“ಮಾವ,” ಎಂದಿತು.

ಪದ್ಮಯ್ಯ ಓಗೊಡಲಿಲ್ಲ. ನಗಬೇಡಿ, ಅವನ ಜಾಗದಲ್ಲಿದ್ದರೆ ನೀವೂ ಓಗೊಡುತ್ತಿರಲಿಲ್ಲ. ಓಡಿಹೋದ ಹುಡುಗ ಬೆಂಕಿಗೆ ಎದುರಾಗಿ ತಿರುಗಿ ಬರುತ್ತಾನೆಯೇ? ಇದು ಅದೇ. ಹುಡುಗನ ದನಿ ತೆಗೆದುಕೊಂಡು ಬಂದಿದೆ. ಗೋಡೆಗೆ ಬೆನ್ನು ಒತ್ತಿ, ಪಂಚೆ ಕಚ್ಚಿ, ಕಣ್ಣು ಮುಚ್ಚಿದ.

“ಮಾವ, ನೀವೇಯ? ಮಾತಾಡಿ ಮಾವ. ನಂಗೆ ಹೆದರಿಕೆ ಆಗ್ತುಟ್ಟು.”

ಕುಲೆಗೆ ಹೆದರಿಕೆ ಆಗುವುದುಂಟೇ? ಪದ್ಮಯ್ಯ ಕಣ್ಣು ಬಿಟ್ಟ. ಗುಂಡಿಯ ಅಂಚನ್ನು ಹಿಡಿದಿದ್ದ ಕೈ ನಡುಗುತ್ತಿತ್ತು, ಮಣ್ಣು ಉದುರುವಷ್ಟು ನಡುಗುತ್ತಿತ್ತು. ಬಾಯಿಂದ ಪಂಚೆ ತೆಗೆದ.

“ನಾನೇ ಹೈದ. ನೀ ಎಂಥಕೆ ಬಂದೆ?”

ಮುಖ ಮಾಯವಾಯಿತು. ಮೇಲೆ ಕತ್ತಿಯ ಸದ್ದು, ಬಿದಿರು ಉರುಳಿದ ಸದ್ದು. ಆಮೇಲೆ ಒಂದು ಗಟ್ಟಿ ಬಿದಿರು ಗುಂಡಿಯೊಳಗೆ ಇಳಿಯಿತು. ಗಂಟಿಗೊಂದರಂತೆ ಕೊಂಬೆಯ ಮೋಟು ಬಿಟ್ಟು ಸವರಿದ್ದ, ಬೊಮ್ಮನ ಜನ ಜೇನಿಗೆ ಹತ್ತುವಾಗ ಮಾಡುವ ಏಣಿಯ ಹಾಗೆ. ಅದನ್ನು ಹಿಡಿದು ಅವನೇ ಇಳಿದು ಬಂದ. ಒದ್ದೆ ಗೋಣಿಯನ್ನು ಪದ್ಮಯ್ಯನ ತಲೆಗೆ ಹಾಕಿದ. ಮಾವನನ್ನು ಬೆನ್ನಿಗೆ ಹತ್ತಿಸಿಕೊಂಡು, ತನ್ನ ತಲೆವಸ್ತ್ರದಲ್ಲಿ ಸೊಂಟಕ್ಕೆ ಕಟ್ಟಿಕೊಂಡು, ಮೋಟಿನಿಂದ ಮೋಟಿಗೆ ಕಾಲಿಟ್ಟು ಹತ್ತಿದ. ಮೂಟೆ ಹೊತ್ತು ದಿಣ್ಣೆ ಹತ್ತಿದ್ದು ಸಾರ್ಥಕವಾಯಿತು ಎಂದು ರೇಂಜರಿದ್ದರೆ ಹೇಳುತ್ತಿದ್ದರೇನೋ. ಪದ್ಮಯ್ಯನಿಗೆ ನೋವಿನಲ್ಲಿ ಪ್ರಜ್ಞೆ ಹೋಗಿ ಬರುತ್ತಿತ್ತು. ಹಳ್ಳದ ತಣ್ಣೀರು ಮೈಗೆ ತಾಗಿದ್ದು, ಹುಡುಗ ತನ್ನ ತಲೆಯನ್ನು ನೀರಿನಿಂದ ಮೇಲೆ ಹಿಡಿದದ್ದು, ಬೆಂಕಿ ಎರಡೂ ದಡದ ಮೇಲೆ ಬೊಬ್ಬೆ ಹಾಕಿಕೊಂಡು ದಾಟಿ ಹೋದದ್ದು ಮಾತ್ರ ನೆನಪುಳಿಯಿತು. ಗುಂಡಿಯ ಕಡೆಯಿಂದ ಒಮ್ಮೆ ಭಗ್ಗೆಂದ ಸದ್ದು ಕೇಳಿಸಿತು. ಇಬ್ಬರೂ ಆ ಕಡೆ ನೋಡಲಿಲ್ಲ.

ಬೆಂಕಿ ದೂರ ಹೋದ ಮೇಲೆ, ನೀರಿನಲ್ಲಿ ಕೂತೇ ಪದ್ಮಯ್ಯ ಮತ್ತೆ ಕೇಳಿದ. “ಹೆಸರು ಹಿಡ್ದು ಕರೆದರೆ ಬರಬೇಡ ಹೇಳಿದ್ದೆನಲ್ಲ ನಾನು.”

“ಹೇಳಿದ್ರಿ. ಓಡಿದೆ ಮಾವ. ಹಳ್ಳದ ತನಕ ಓಡಿದೆ.”

“ಮತ್ತೆ?”

ಹುಡುಗನ ಹಲ್ಲು ಕಟಕಟ ಎನ್ನುತ್ತಿತ್ತು. “ಅಲ್ಲಿಗೂ ಕೇಳ್ತಿತ್ತು. ಅಳ್ತಿತ್ತು. ಕುಲೆ ಅಂತಲೇ ತಿಳ್ಕಂಡೆ ಮಾವ, ಸುಳ್ಳು ಹೇಳುದಿಲೆ. ನೀವು ಸತ್ತು ಹೋಗಿದ್ದೀರಿ, ನಿಮ್ಮ ಕುಲೆ ಅಳ್ತುಟ್ಟು ಅಂತ ತಿಳ್ಕಂಡೆ. ನಿಮ್ಮ ಕುಲೆ ಆದರೂ ನೀವೇ ಅಲ್ವ? ಹಂಗೆ ಅಳುಕೆ ಬಿಟ್ಟು ಹೋಗುದು ಹೇಗೆ? ಅದಕ್ಕೆ ಗೋಣಿ ಅದ್ದಿಕಂಡು ಬಂದೆ.”

ಪದ್ಮಯ್ಯ ಹುಡುಗನ ಒದ್ದೆ ತಲೆಯನ್ನು ಹಿಡಿದು ಎದೆಗೆ ಒತ್ತಿಕೊಂಡ. ಪಕ್ಕೆ ನೋಯಿತು, ನೋಯಲಿ ಎಂದು ಬಿಟ್ಟ.

ಬೊಮ್ಮನ ಜನ ಹುಡುಕಿಕೊಂಡು ಬಂದು ಇಬ್ಬರನ್ನೂ ಕೆಳಗೆ ಇಳಿಸಿದರು. ಪದ್ಮಯ್ಯನನ್ನು ಹೊತ್ತದ್ದು ಕಂಬಳಿಯಲ್ಲೇ, ಆದರೆ ಮುಖ ಮುಚ್ಚಿರಲಿಲ್ಲ. ಮೂಳೆ ಕಟ್ಟುವವನು ಬಂದು ಪಾದ ನೋಡಿ ತಲೆಯಾಡಿಸಿದ. ಕೋಲು ಹಿಡಿದು ಅಂಗಳ ದಾಟಬಹುದು, ಕಾಡಿನ ಆಸೆ ಬಿಡು ಎಂದ. ಹೊನ್ನಮ್ಮ ಅಣ್ಣನನ್ನು ತನ್ನ ಮನೆಗೇ ಕರೆಸಿಕೊಂಡಳು. ಗಂಜಿ ಕೊಡುವಾಗಲೆಲ್ಲ ಅವನ ಮುಖ ನೋಡುತ್ತಿದ್ದಳು. ಬಾವಿಕಟ್ಟೆಯ ಮಾತು ಇಬ್ಬರಿಗೂ ನೆನಪಿತ್ತು.

ಮೊದಲ ಗುಡುಗು ಕೇಳಿದ ವಾರ ರೇಂಜರು ಕುದುರೆಯ ಮೇಲೆ ಬಂದರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಕುಶಾಲಪ್ಪ ಅಂಗಳದ ಕಂಬದ ಹತ್ತಿರ ಕೈಕಟ್ಟಿ ನಿಂತಿದ್ದ. ಹೊನ್ನಮ್ಮ ಬಾಗಿಲ ಹಿಂದೆ.

“ಹೇಳು ಪದ್ಮಯ್ಯ. ಆಗುತ್ತಾನಾ, ಇಲ್ಲವಾ?”

ಅತ್ತ ದರಿ, ಇತ್ತ ಪುಲಿ. ಪದ್ಮಯ್ಯ ಹುಡುಗನ ಕಡೆ ನೋಡಲಿಲ್ಲ, ನೋಡಿದರೆ ಮಾತು ತಪ್ಪುತ್ತಿತ್ತು. ಕೊಟ್ಟ ಮಾತಿಗಾಗಿ ಮಾತ್ರವಲ್ಲ, ನಿಜವಾಗಿಯೂ ಅವನಿಗೆ ಹೆದರಿಕೆಯಾಗಿತ್ತು. ಗುಂಡಿಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಹೆದರಿಕೆ.

“ಆಗುವುದಿಲ್ಲ ಸ್ವಾಮಿ,” ಎಂದ. “ಓಡು ಎಂದು ಕಲಿಸಿದರೆ ಓಡುತ್ತಾನೆ, ಆದರೆ ತಿರುಗಿ ಬರುತ್ತಾನೆ. ಯಾರು ಅತ್ತು ಕರೆದರೂ ಬರುತ್ತಾನೆ. ಇಂಥವನು ಕಾಡಿನಲ್ಲಿ ಬಹಳ ದಿನ ಉಳಿಯುವುದಿಲ್ಲ.”

ರೇಂಜರು ಲೋಟ ಕೆಳಗಿಟ್ಟರು. ಅವರಿಗೆ ಬೊಮ್ಮ ಎಲ್ಲ ಹೇಳಿದ್ದ. ಪದ್ಮಯ್ಯನ ಕಟ್ಟು ಹಾಕಿದ ಕಾಲನ್ನು ನೋಡಿದರು.

“ನೀನು ಉಳಿದೆಯಲ್ಲ,” ಎಂದರು ಮೆಲ್ಲಗೆ. “ನಿನ್ನ ಜಾಗಕ್ಕೆ ನನಗೆ ಒಬ್ಬ ಬೇಕು ಪದ್ಮಯ್ಯ. ಕರೆದರೆ ಓಡಿಹೋಗುವವನನ್ನು ಹಾಕಿದರೆ ನಾಳೆ ಅಲ್ಲಿ ಬೀಳುವವರ ಗತಿ ಏನು?”

ಹೊಸ ಪಟ್ಟಿ ತಂದಿರಲಿಲ್ಲ. ಗೋಡೆಯ ಗೂಟದಲ್ಲಿ ಪದ್ಮಯ್ಯನ ಪಟ್ಟಿ ತೂಗುತ್ತಿತ್ತು. ಅದನ್ನೇ ತೆಗೆದು ಕೊಡು ಎಂದರು. ಕುಶಾಲಪ್ಪ ಮಾವನ ಮುಖ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅಪ್ಪಣೆ ಕೇಳುತ್ತಿದ್ದ. ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಪದ್ಮಯ್ಯ ಕೈ ಚಾಚಿ ಪಟ್ಟಿ ತೆಗೆದು, ಹುಡುಗನನ್ನು ಹತ್ತಿರ ಕರೆದು ಅವನ ಸೊಂಟಕ್ಕೆ ತಾನೇ ಕಟ್ಟಿದ. ಒಂದು ತೂತು ಒಳಗೆ ಬಿಗಿಯಬೇಕಾಯಿತು. ಹೊನ್ನಮ್ಮ ಮೂರು ದಿನ ಅಣ್ಣನ ಹತ್ತಿರ ಮಾತಾಡಲಿಲ್ಲ.

ಮೊದಲ ದಿನ ಒಬ್ಬನೇ ಬೀಟಿಗೆ ಹೊರಡುವ ಬೆಳಿಗ್ಗೆ, ಬುತ್ತಿ ಕಟ್ಟಿಸಿಕೊಂಡು ಕುಶಾಲಪ್ಪ ಜಗಲಿಗೆ ಬಂದು ಮಾವನ ಕಾಲು ಮುಟ್ಟಿದ. ಇಳಿದು ಎರಡು ಹೆಜ್ಜೆ ಹೋದವನು ತಿರುಗಿ ನಿಂತ. ಅವನ ರೋಗ ಹೋಗಿರಲಿಲ್ಲ.

“ಮಾವ, ಒಂದು ಕೇಳುಕೆ ಉಟ್ಟು. ನಾ ಎಲ್ಲಾರೂ ಕಾಡಿಲಿ ಬಿದ್ದರೆ ಎಂಥ ಅಂತ ಕರೆಯಲಿ? ಕೂ ಅಂತ ಮೂರು ಸಲನ?”

ಪದ್ಮಯ್ಯ ತನ್ನ ಕಾಲನ್ನು ನೋಡಿಕೊಂಡ. ಅಂಗಳದಾಚೆ ಗದ್ದೆ, ಗದ್ದೆಯಾಚೆ ಬಾಳೆಗುಂಡಿಯ ಕಪ್ಪು ಅಂಚು. ಕೋಲು ಹಿಡಿದರೂ ಅಲ್ಲಿಯವರೆಗೆ ಅವನಿಗೆ ಒಂದು ದಿನದ ದಾರಿ.

“ಬೇಡ,” ಎಂದ. “ನನ್ನ ಹೆಸರು ಹಿಡ್ದು ಕರಿ. ನಾ ಬಂದೇ ಬನ್ನೆ.”

ಹುಡುಗ ನಕ್ಕು, ತಲೆಯಾಡಿಸಿ, ಗದ್ದೆಯ ಬದುವಿಗೆ ಇಳಿದ. ಅವನು ಮರಗಳ ಒಳಗೆ ಹೋಗುವ ತನಕ ಪದ್ಮಯ್ಯ ನೋಡಿದ. ಆಮೇಲೆ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಕಾಡಿನ ಕಡೆಗೆ ಕಿವಿಕೊಟ್ಟು ಕೂತ. ಹೊನ್ನಮ್ಮ ಒಳಗಿನಿಂದ ಊಟಕ್ಕೆ ಬಾ ಎಂದು ಕರೆದದ್ದು ಅವನಿಗೆ ಕೇಳಿಸಲಿಲ್ಲ.